ಆಳಿಲ್ಲದ ಮನೆ

ಇನ್ನೊಬ್ಬರ ಮಲ ಬಾಚುವ ಕೈಗೆ ಏನೆಂದು ಹೆಸರಿಡಬೇಕು ಎನ್ನುವುದು ನಾಗಮಂಗಲದ ಒಂದು ಮನೆಯಲ್ಲಿ ತಕರಾರಾಯಿತು. ದೇವರು ಕೈ ಕೊಟ್ಟ. ಹೆಸರು ಕೊಡಲಿಲ್ಲ. ಹೆಸರನ್ನು ಮನುಷ್ಯರು ಇಟ್ಟರು, ತಮ್ಮ ಅನುಕೂಲಕ್ಕೆ ಇಟ್ಟರು.

ಆ ಕೈ ತಾಜ್ ಬೀಯದು. ಬಸ್ ಸ್ಟ್ಯಾಂಡಿನ ಹಿಂದಿನ ಮೊಹಲ್ಲಾದಲ್ಲಿ ಅವಳ ಶೀಟಿನ ಮನೆ. ಗಂಡ ಅಹಮದ್ ಪಾಷಾ ತೆಂಗಿನಕಾಯಿ ಲಾರಿಯ ಕ್ಲೀನರ್ ಆಗಿದ್ದ. ಒಂದು ದಿನ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಉಳಿದವಳು ಮಗಳು ಕಹಕಶಾನ್. ಹುಡುಗಿ ಕಾಲೇಜಿಗೆ ಹೋಗಬೇಕು, ಒಲೆಯೂ ಉರಿಯಬೇಕು. ತಾಜ್ ಬೀ ಮದುವೆ ಮನೆಗಳಲ್ಲಿ ಪಾತ್ರೆ ತಿಕ್ಕಿದಳು, ಕಾಯಿ ಮಂಡಿಯಲ್ಲಿ ನಾರು ಸುಲಿದಳು. ಯಾವುದೂ ತಿಂಗಳು ಪೂರ್ತಿ ನಿಲ್ಲಲಿಲ್ಲ. ಕೊನೆಗೆ ಹೊಸ ಬಡಾವಣೆಯ ಶಂಕರ್ ಮೇಷ್ಟರ ಮನೆಗೆ ಹೋದಳು.

ಮೇಷ್ಟರ ತಾಯಿ ಪಾರ್ವತಮ್ಮನಿಗೆ ಲಕ್ವ ಹೊಡೆದು ಎಡಗಡೆಯ ಕೈಕಾಲು ಬಿದ್ದುಹೋಗಿದ್ದವು. ದೇಹ ದೊಡ್ಡದು. ನಾಲಿಗೆ ಮಾತ್ರ ಮೊದಲಿನ ಹಾಗೇ ಹರಿತವಾಗಿತ್ತು. ಮೇಷ್ಟರು ಹೈಸ್ಕೂಲಿಗೆ ಹೋಗುವವರು, ಹೆಂಡತಿ ಸ್ನೇಹ ಸೊಸೈಟಿ ಬ್ಯಾಂಕಿಗೆ ಹೋಗುವವಳು. ಬೆಳಗಿನಿಂದ ಸಂಜೆಯವರೆಗೆ ಆ ದೇಹ ತಾಜ್ ಬೀಯ ಪಾಲು.

ಕೆಲಸ ಹೇಳುವುದಕ್ಕೆ ಸಣ್ಣದು. ಮಾಡುವುದಕ್ಕೆ ದೊಡ್ಡದು. ಮೊದಲು ಕೆಳಗಿನದನ್ನು ಬಾಚಬೇಕು, ಬಿಸಿನೀರಿನ ಬಟ್ಟೆಯಲ್ಲಿ ಒರೆಸಬೇಕು, ಚರ್ಮ ಕಿತ್ತು ಬಾರದಂತೆ ಪೌಡರು ಹಾಕಬೇಕು. ಹೊತ್ತು ಹೊತ್ತಿಗೆ ಮಗ್ಗುಲು ತಿರುಗಿಸಬೇಕು. ತಿರುಗಿಸುವಾಗ ಮುದುಕಿಯ ಭಾರವೆಲ್ಲ ತಾಜ್ ಬೀಯ ಸೊಂಟಕ್ಕೆ ಇಳಿಯುತ್ತಿತ್ತು. ಉಚ್ಚೆಯ ವಾಸನೆ ಬೆರಳ ಸಂದಿಯಲ್ಲಿ ಕೂತುಬಿಡುತ್ತಿತ್ತು. ನಮಾಜಿಗೆ ಮುಂಚೆ ವಜೂ ಮಾಡುವಾಗ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅಲ್ಲಾಹನಿಗೆ ಈ ವಾಸನೆ ಗೊತ್ತಿರುತ್ತದೆ ಎಂದು ಅವಳು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಆ ಮನೆಯವರು ಅವಳನ್ನು ಆಳು ಎನ್ನಲಿಲ್ಲ. ಮನೆ ಮಗಳು ಎಂದರು. ಬಂದ ನೆಂಟರಿಗೆಲ್ಲ, ನಮ್ಮ ತಾಜಮ್ಮ ಮಗಳಿದ್ದ ಹಾಗೆ ಎಂದು ಪರಿಚಯ ಮಾಡಿಸುತ್ತಿದ್ದರು. ತಿಂಗಳ ಮೊದಲ ಶುಕ್ರವಾರ ಸ್ನೇಹ ಸಂಬಳವನ್ನು ಬರೀ ಕೈಯಲ್ಲಿ ಕೊಡುತ್ತಿರಲಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಒಂದು ಮೊಳ ಹೂವು ಇಟ್ಟು, ಎಲೆಯ ಕೆಳಗೆ ನೋಟು ಮಡಿಸಿಟ್ಟು, ಜಗುಲಿಯ ಮೇಲೆ ಕೂರಿಸಿ ಕೊಡುತ್ತಿದ್ದಳು. ತವರಿಗೆ ಬಂದ ಹೆಣ್ಣುಮಕ್ಕಳನ್ನು ಕಳಿಸಿಕೊಡುವ ಹಾಗೆ. ಆ ಮಗಳ ಲೋಟ ಮಾತ್ರ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇರುತ್ತಿತ್ತು. ಅಡಿಗೆಮನೆಯ ಹೊಸ್ತಿಲನ್ನು ಆ ಮಗಳು ಒಂದು ದಿನವೂ ದಾಟಲಿಲ್ಲ. ಅತ್ತೆಯ ಗಂಜಿಯನ್ನು ಸ್ನೇಹ ಹೊಸ್ತಿಲ ಈಚೆ ಇಡುತ್ತಿದ್ದಳು, ತಾಜ್ ಬೀ ಎತ್ತಿಕೊಳ್ಳುತ್ತಿದ್ದಳು.

ತಾಜ್ ಬೀಗೆ ಇದು ಕಾಣಲಿಲ್ಲವೆಂದಲ್ಲ. ಕಂಡಿತು. ಆದರೂ ಆ ಹೆಸರು ಅವಳಿಗೆ ಬೇಕಾಗಿತ್ತು. ಮೊಹಲ್ಲಾದಲ್ಲಿ ನೀರು ಹಿಡಿಯುವಾಗ ಪಕ್ಕದ ಮನೆಯ ಮುಬೀನಾ ಮೂಗಿಗೆ ಸೆರಗು ಹಿಡಿದು, ನಮ್ಮ ಖಾನ್‌ದಾನಿನಲ್ಲಿ ಯಾರೂ ಪರರ ಹೇಲು ಎತ್ತಿರಲಿಲ್ಲ ಎಂದಿದ್ದಳು. ಅದಕ್ಕೆ ತಾಜ್ ಬೀ, ನಾನೇನು ಕೂಲಿಗೆ ಹೋಗುತ್ತೇನಾ, ಅವರು ಮಗಳ ಹಾಗೆ ನೋಡಿಕೊಳ್ಳುತ್ತಾರೆ, ತಾಯಿಯ ಸೇವೆ ಮಾಡಿದರೆ ತಪ್ಪೇನು ಎಂದಿದ್ದಳು. ತಾಯಿಯ ಪಾದದಡಿ ಜನ್ನತ್ ಇದೆ, ಸ್ವರ್ಗ ಇದೆ ಎಂದು ಹಜರತ್ ಪೈಗಂಬರರೇ ಹೇಳಿದ ಮೇಲೆ ಮುಬೀನಾ ಮೂಗಿನ ಸೆರಗು ಬಿಟ್ಟು ಕೊಡ ಎತ್ತಿಕೊಂಡಿದ್ದಳು. ಹೇಲಿನ ಮೇಲೆ ಹೊದಿಸುವುದಕ್ಕೆ ತಾಜ್ ಬೀಯ ಹತ್ತಿರ ಇದ್ದದ್ದು ಆ ಒಂದೇ ಮಾತಿನ ಚಾದರ.

ಹೀಗಿರುವಾಗ ಒಂದು ಭಾನುವಾರ ಪಾಂಡವಪುರದಿಂದ ಚಿಕ್ಕಸ್ವಾಮಿ ಬಂದ. ಮೇಷ್ಟರ ದೂರದ ನೆಂಟ, ಇನ್ಶೂರೆನ್ಸ್ ಏಜೆಂಟ್. ಪಾರ್ವತಮ್ಮನ ಮಂಚ ನಡುಮನೆಯಲ್ಲಿ, ಇವರೆಲ್ಲ ಕೂತದ್ದು ಅದರ ಕಿಟಕಿಯ ಆಚೆ ಜಗುಲಿಯಲ್ಲಿ. ಲಕ್ವ ಹೊಡೆದವರ ಕಾಯಿಲೆಗೆ ಯಾವ ಕಂಪನಿಯೂ ಪಾಲಿಸಿ ಕೊಡುವುದಿಲ್ಲ, ಆದರೆ ಬಿದ್ದು ಪೆಟ್ಟಾದರೆ ದುಡ್ಡು ಬರುವಂಥದ್ದು ಒಂದಿದೆ, ಅದನ್ನು ಅಜ್ಜಿಗೆ ಮಾಡಿಸಿ ಎಂದು ಅವನು ವಿವರಿಸಿದ. ಮೇಷ್ಟರು ಒಪ್ಪಿದರು. ಗಂಡ ಹೆಂಡತಿಗೆ ಬೇರೆ ಆರೋಗ್ಯ ವಿಮೆ. ಅದಕ್ಕೂ ಒಪ್ಪಿದರು. ಆಮೇಲೆ ಚಿಕ್ಕಸ್ವಾಮಿ ಕಿಟಕಿಯೊಳಗೆ ತಾಜ್ ಬೀಯನ್ನು ನೋಡಿದ.

"ಅಜ್ಜಿ ನೋಡ್ಕಳಕೆ ಇವ್ರನ್ನ ಇಟ್ಕಂಡಿದ್ದೀರಾ? ಅಂಥೋರಿಗೇ ಅಂತ ಒಂದು ಪಾಲಿಸಿ ಐತೆ ಮೇಷ್ಟ್ರೆ. ಕೆಲ್ಸ ಮಾಡೋವಾಗ ಕೈಯೋ ಕಾಲೋ ಮುರ್ಕಂಡ್ರೆ ಆಸ್ಪತ್ರೆ ಖರ್ಚು, ಮನೇಲಿ ಕುಂತಷ್ಟು ದಿನದ ಕೂಲಿ, ಎಲ್ಲ ಕಂಪನಿ ಕೊಡ್ತದೆ. ನಿಮ್ಮ ತಲೆ ಮೇಲೂ ಬರಾಕಿಲ್ಲ. ಕೆಲ್ಸದೋರು ಅಂತ ನೀವು ಒಪ್ಕಂಡ್ರೆ ಸಾಕು."

ಮೇಷ್ಟರು ಬಾಯಿ ತೆರೆಯುವ ಮೊದಲೇ ಮಂಚದಿಂದ ಪಾರ್ವತಮ್ಮನ ದನಿ ಬಂತು.

"ಇಟ್ಕಂಡವ್ರೆ ಕಣ್ಲಾ. ಈ ಸಾಬ್ರವಳು. ಸಂಬಳದ ಆಳು. ಬರ್ಕಳ್ಲಾ ಅವಳ ಎಸ್ರ."

ತಾಜ್ ಬೀಯ ಮುಖ ಕಪ್ಪಾಯಿತು. ಅಷ್ಟು ಹೊತ್ತು ಆ ಮುದುಕಿಯ ಕಾಲು ಒತ್ತುತ್ತಿದ್ದ ಕೈ ನಿಂತಿತು.

ಮೇಷ್ಟರು ತಾಯಿಯನ್ನು ಗದರಿದರು. ಹಾಗೆಲ್ಲ ಅನ್ನಬಾರದು, ತಾಜಮ್ಮ ಆಳಲ್ಲ, ನಮ್ಮ ಮನೆ ಮಗಳು, ಮಗಳಿಗೆ ಯಾರಾದರೂ ಆಳಿನ ಪಾಲಿಸಿ ಮಾಡಿಸುತ್ತಾರಾ ಎಂದು ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಒಳ್ಳೆಯ ಮನಸ್ಸಿನಿಂದಲೇ ಅಂದರು. ಖರ್ಚೂ ಉಳಿಯಿತು.

ಚಿಕ್ಕಸ್ವಾಮಿ ಕಸುಬು ಬಲ್ಲವನು, ಬಿಡಲಿಲ್ಲ. ನೇರ ಅವಳನ್ನೇ ಕೇಳಿದ. ನೀನೇನಂತೀಯವ್ವ, ಕೆಲಸದವಳು ಅಂತ ಬರೆದುಕೊಳ್ಳಲಾ ಎಂದ.

"ಬ್ಯಾಡ ಕಣಣ್ಣ," ಎಂದಳು ತಾಜ್ ಬೀ. "ನಾನು ಆಳಲ್ಲ. ಈ ಮನೆ ಮಗಳು."

ಪಾರ್ವತಮ್ಮ ಮಂಚದ ಮೇಲೆ ಕೆಮ್ಮಿದಳು. "ಮಗಳಂತೆ ಮಗಳು. ಒಳೀಕೆ ಓಗಿ ಒಂದು ಲೋಟ ನೀರು ಕುಡ್ಕಂಡು ಬಾ ನೋಡವಾ," ಎಂದಳು.

ಯಾರೂ ನಗಲಿಲ್ಲ. ಸ್ನೇಹ ಎಲ್ಲರಿಗೂ ಕಾಫಿ ತಂದಳು. ತಾಜ್ ಬೀಯ ಕಾಫಿ ಹಿತ್ತಿಲಿಗೆ ಹೋಯಿತು. ಅವಳು ಅದನ್ನು ಕಲ್ಲಿನ ಮೇಲೆ ಕೂತು ಸಂತೋಷವಾಗಿಯೇ ಕುಡಿದಳು. ನಾಲ್ಕು ಜನರ ಮುಂದೆ ಮಗಳು ಎನ್ನಿಸಿಕೊಂಡ ದಿನ ಅದು.

ಆ ವರ್ಷ ರಂಜಾನಿನ ಕೊನೆಯ ದಿನಗಳಲ್ಲೇ ಯುಗಾದಿ ಬಂತು. ತಾಜ್ ಬೀ ರೋಜಾ ಹಿಡಿದಿದ್ದಳು. ಯುಗಾದಿಯ ಬೆಳಿಗ್ಗೆ ಮನೆಯಲ್ಲಿ ಎಲ್ಲರೂ ಎಣ್ಣೆನೀರು ಹಾಕಿಕೊಳ್ಳಬೇಕು. ಪಾರ್ವತಮ್ಮನಿಗೂ ಆಗಬೇಕು ಎಂದು ಹಿಂದಿನ ದಿನವೇ ಮೇಷ್ಟರು ಹೇಳಿ ಕಳಿಸಿದ್ದರು. ಹಾಸಿಗೆಯ ಮೇಲೆ ಒರೆಸುವುದು ಬೇರೆ, ಬಚ್ಚಲಿಗೆ ಒಯ್ದು ಮೈತುಂಬ ಎಣ್ಣೆ ಹಚ್ಚಿ ನೀರು ಹುಯ್ಯುವುದು ಬೇರೆ. ಒಬ್ಬರ ಕೈಲಿ ಆಗುವ ಕೆಲಸವಲ್ಲ. ತಾಜ್ ಬೀ ಜೊತೆಗೆ ಒಂದು ಕೈ ಬೇಕು ಎಂದಳು. ಗಂಡುಮಗ ತಾಯಿಯನ್ನು ಬತ್ತಲೆ ನೋಡಬಾರದು ಎಂದರು ಮೇಷ್ಟರು. ಸ್ನೇಹ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದಳು. ಎಡೆ ಇಡುವತನಕ ಬಚ್ಚಲ ಕಡೆ ಬರುವ ಹಾಗಿಲ್ಲ ಎಂದಳು.

ತಾಜ್ ಬೀ ಒಬ್ಬಳೇ ಎಳೆದಳು. ಒಣಗಿದ ಗಂಟಲು, ಎಣ್ಣೆಯಾದ ಮೈ, ಸೀಗೆಪುಡಿಯ ನೊರೆ ಹರಿದ ನೆಲ. ಸ್ನಾನವೇನೋ ಆಯಿತು. ಸ್ಟೂಲಿನಿಂದ ಎಬ್ಬಿಸುವಾಗ ಪಾರ್ವತಮ್ಮನ ಬಲಗಾಲು ಜಾರಿತು. ಆ ದೊಡ್ಡ ದೇಹ ಮುಂದಕ್ಕೆ ವಾಲಿತು. ಕೈ ಬಿಟ್ಟು ಗೋಡೆಗೆ ಸರಿದಿದ್ದರೆ ತಾಜ್ ಬೀ ಉಳಿಯುತ್ತಿದ್ದಳು. ಬಿಡಲಿಲ್ಲ. ತಾನು ಕೆಳಗೆ ಬಿದ್ದಳು, ಮುದುಕಿಯನ್ನು ಮೇಲೆ ಹಾಕಿಕೊಂಡಳು. ಬಚ್ಚಲ ಹೊಸ್ತಿಲ ಕಲ್ಲಿಗೆ ಅವಳ ಸೊಂಟ ಬಡಿಯಿತು. ಹಸಿ ಸೌದೆ ಮುರಿದಂಥ ಸದ್ದಾಯಿತು. ಆ ಸದ್ದು ಅವಳಿಗೂ ಕೇಳಿಸಿತು.

ಎಲ್ಲರೂ ಓಡಿ ಬಂದರು. ಅಮ್ಮನನ್ನು ಎತ್ತಿದರು, ಬಟ್ಟೆ ಸುತ್ತಿದರು. ಪಾರ್ವತಮ್ಮನ ಮೊಣಕೈ ತರಚಿತ್ತು, ಅಷ್ಟೇ. ಆದರೂ ವಯಸ್ಸಾದವರು, ಒಳಪೆಟ್ಟು ಇದ್ದರೆ ಏನು ಗತಿ, ಪಾಲಿಸಿ ಹೇಗೂ ಇದೆ ಎಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೈಸೂರಿಗೆ ಹೊರಟರು. ತಾಜಮ್ಮ, ನೀನು ಸ್ವಲ್ಪ ಹೊತ್ತು ಅಲ್ಲೇ ಸುಧಾರಿಸಿಕೋ ಎಂದು ಸ್ನೇಹ ಕಿಟಕಿಯಿಂದ ಹೇಳಿದಳು. ಏಟು ಬೀಳದ ಮೈ ಕಾರಿನಲ್ಲಿ ಹೋಯಿತು. ಮುರಿದ ಮೈ ಬಚ್ಚಲಲ್ಲಿ ಉಳಿಯಿತು. ಅದು ಅನ್ಯಾಯ ಎಂದು ಆ ಮನೆಯ ಯಾರಿಗೂ ಅನ್ನಿಸಲಿಲ್ಲ. ಅವರು ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು.

ಎದುರುಮನೆಯಲ್ಲಿ ಅಂಗಡಿ ಇಟ್ಟಿದ್ದ ಕೆಂಪಣ್ಣ ನರಳುವ ಸದ್ದು ಕೇಳಿ ಬಂದ. ಒದ್ದೆ ನೆಲದ ಮೇಲೆ ಬಿದ್ದವಳ ಬಾಯಿಗೆ ಚೊಂಬಿನಲ್ಲಿ ನೀರು ಹಿಡಿದ.

"ರೋಜಾ ಐತೆ ಕಣಣ್ಣ," ಎಂದಳು ತಾಜ್ ಬೀ. ಆಮೇಲೆ ಪ್ರಜ್ಞೆ ತಪ್ಪಿತು. ಅವನೇ ಆಟೋ ತಂದ.

ರೇಷನ್ ಕಾರ್ಡಿನ ಪುಣ್ಯದಿಂದ ಮಂಡ್ಯದ ಆಸ್ಪತ್ರೆಯಲ್ಲಿ ಸೊಂಟಕ್ಕೆ ರಾಡು ಹಾಕಿದರು. ಕಾರ್ಡು ಮೂಳೆ ಕೂಡಿಸುತ್ತದೆ, ಒಲೆ ಹೊತ್ತಿಸುವುದಿಲ್ಲ. ತಾಜ್ ಬೀ ಕೋಲು ಹಿಡಿದು ಮನೆಗೆ ಬಂದಳು. ಕೂತರೆ ಏಳಲಾರಳು, ಎದ್ದರೆ ಬಗ್ಗಲಾರಳು. ಇನ್ನು ಭಾರ ಎತ್ತುವ ಮಾತಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಹಕಶಾನ್ ಕಾಲೇಜು ಬಿಟ್ಟು ಒಂದು ಬಟ್ಟೆ ಅಂಗಡಿಯಲ್ಲಿ ನಿಂತಳು. ಹುಡುಗಿ ಸಂಜೆ ಬಂದು, ಅಮ್ಮಿಯ ಬಟ್ಟೆ ಬಿಚ್ಚಿ, ಒರೆಸಿ, ಮಗ್ಗುಲು ತಿರುಗಿಸುತ್ತಿದ್ದಳು. ತಾಜ್ ಬೀ ಗೋಡೆಗೆ ಮುಖ ಮಾಡಿಕೊಳ್ಳುತ್ತಿದ್ದಳು. ನಮಾಜಿನಲ್ಲಿ ಸಜ್ದಾ ಮಾಡಲು ಹಣೆ ನೆಲ ಮುಟ್ಟುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತು ತಲೆಯನ್ನಷ್ಟೇ ಬಾಗಿಸುತ್ತಿದ್ದಳು.

ಮೇಷ್ಟರು ಒಂದು ಸಲ ಬ್ರೆಡ್ಡು, ಮೂಸಂಬಿ ತಂದು ಕೊಟ್ಟು ಹೋದರು. ಮಗಳೇ ಆಗಿದ್ದರೆ ಆ ಮನೆಯ ಒಂದು ಕೋಣೆಯಲ್ಲಿ ಮಲಗಿರಬೇಕಿತ್ತು. ಆಳಾಗಿದ್ದರೆ ಕೂಲಿ ಬರಬೇಕಿತ್ತು. ಅವಳು ಎರಡೂ ಆಗಿರಲಿಲ್ಲ.

ತಾಜ್ ಬೀ ಚಿಕ್ಕಸ್ವಾಮಿಗೆ ಫೋನು ಮಾಡಿಸಿದಳು. ಅವನು ಪೇಟೆಗೆ ಬಂದಾಗ ಮೊಹಲ್ಲಾಕ್ಕೇ ಬಂದ, ಬಾಗಿಲಲ್ಲಿ ನಿಂತು ಕೋಲು ನೋಡಿದ.

"ಅವತ್ತು ಕೇಳ್ದೆ ಕಣವ್ವ ನಿನ್ನ. ಬಾಯ್ಬುಟ್ಟು ಕೇಳ್ದೆ. ಒಂದು ಮಾತು ಊಂ ಅಂದಿದ್ರೆ ಮೇಷ್ಟ್ರೂ ಇಲ್ಲ ಅಂತಿರ್ಲಿಲ್ಲ."

ಪೆಟ್ಟಾದ ಮೇಲೆ ಪಾಲಿಸಿ ಮಾಡಿಸಲು ಬರುವುದಿಲ್ಲ ಎಂದ. ಆದರೆ ಪಾಲಿಸಿ ಇಲ್ಲದಿದ್ದರೂ ಕೆಲಸಕ್ಕೆ ಇಟ್ಟುಕೊಂಡವರನ್ನು ಪರಿಹಾರ ಕೇಳಬಹುದು, ಲೇಬರ್ ಆಫೀಸಿನಲ್ಲಿ ಕೇಳಿ ನೋಡು, ಅಲ್ಲಿ ನೀನು ಸಂಬಳಕ್ಕೆ ದುಡಿದವಳು ಎಂದು ಯಾರಾದರೂ ಒಬ್ಬರು ಹೇಳಬೇಕು ಎಂದ. ನೀವೇ ಹೇಳಿ ಎಂದಳು. ಅವನು ತಲೆ ಕೆರೆದುಕೊಂಡ. ನನಗೆ ನೀನು ಹೇಳಿದ್ದು ಮಗಳು ಅಂತ, ನಾನು ಸಾಕ್ಷಿ ಹೇಳಿದರೆ ಅದನ್ನೇ ಹೇಳಬೇಕಾಗುತ್ತದೆ ಎಂದು ಬೈಕು ಹತ್ತಿದ.

ಕೆಂಪಣ್ಣನ ಅಂಗಡಿಗೆ ಹೋದಳು. ಬಚ್ಚಲಿಂದ ಎತ್ತಿದವನು, ನೀರು ಹಿಡಿದವನು. ಅವನು ಬೆಂಚಿನ ಮೇಲೆ ಕೂರಿಸಿ, ಬಿದ್ದದ್ದು ನಿಜ, ಎತ್ತಿದ್ದೂ ನಿಜ, ಅಷ್ಟನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದ. ಸಂಬಳದ ಮಾತು ಬಂದಾಗ ತಕ್ಕಡಿ ಒರೆಸತೊಡಗಿದ.

"ಜಗುಲಿ ಮ್ಯಾಲೆ ಕುಂಡ್ರಿಸಿ ಎಲೆ ಅಡ್ಕೆ ಕೊಡೋರು. ನಾನೇ ಕಣ್ಣಾರೆ ಕಂಡಿವ್ನಿ. ಅದ ಕೂಲಿ ಅಂತ ಯಂಗವ್ವ ಏಳ್ಲಿ? ನೀನೂ ಅಂಗೇ ಅಂತಿದ್ದೆ, ಮಗಳು ಮಗಳು ಅಂತ. ಬೀದಿಯೋರ್ಗೆಲ್ಲ ಗೊತ್ತು."

ಮೊಹಲ್ಲಾದಲ್ಲಿ ಮುಬೀನಾ ಕೂಡ ಅದನ್ನೇ ಹೇಳಿದಳು. ಅವಳ ದನಿಯಲ್ಲಿ ಈಗ ಚುಚ್ಚು ಇರಲಿಲ್ಲ, ಕನಿಕರವಿತ್ತು. ಅದು ಇನ್ನೂ ಕೆಟ್ಟದಾಗಿತ್ತು. ತಾಜ್ ಬೀ ಎಷ್ಟು ಕಡೆ ತನ್ನ ಮಾನವನ್ನು ಹೊದಿಸಿಟ್ಟಿದ್ದಳೋ ಅಷ್ಟು ಕಡೆಯೂ ದಾರಿ ಮುಚ್ಚಿತ್ತು. ಮುಚ್ಚಿದವಳು ಅವಳೇ. ಮುಚ್ಚುವ ಹಾಗೆ ಮಾಡಿದವರು ಯಾರು ಎಂದು ಕೇಳುವವರು ಇರಲಿಲ್ಲ.

ಇನ್ನು ಉಳಿದದ್ದು ಒಂದು ಬಾಯಿ. ಅವಳನ್ನು ಆಳು ಎಂದ ಒಂದೇ ಬಾಯಿ.

ಒಂದು ಭಾನುವಾರ ಮಧ್ಯಾಹ್ನ ಕೋಲೂರಿಕೊಂಡು ಮೇಷ್ಟರ ಮನೆಗೆ ಹೋದಳು. ಮೆಟ್ಟಿಲು ಹತ್ತಲು ಕಹಕಶಾನ್ ರಟ್ಟೆ ಹಿಡಿದಳು. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡುವ ಮೊದಲೇ ವಾಸನೆ ಬಂತು. ಅವಳು ಬಿಟ್ಟ ಮೇಲೆ ಆ ಮನೆಗೆ ಯಾರೂ ನಿಂತಿರಲಿಲ್ಲ. ಬಿಂಡಿಗನವಿಲೆಯಿಂದ ಬಂದ ಬೈರಮ್ಮ ವಾರಕ್ಕೇ ಬಸ್ಸು ಹತ್ತಿದ್ದಳು. ಪಾರ್ವತಮ್ಮ ಇಳಿದುಹೋಗಿದ್ದಳು. ಕಣ್ಣು ಮಾತ್ರ ದೊಡ್ಡವಾಗಿದ್ದವು.

ಮೇಷ್ಟರು ಕುರ್ಚಿ ತಂದು ಹಾಕಿದರು. ಬಾ ತಾಜಮ್ಮ ಎಂದರು. ಆ ದನಿಯಲ್ಲಿ ಆಸೆಯಿತ್ತು. ಕೆಲಸಕ್ಕೆ ಬಂದಳೇನೋ ಎಂಬ ಆಸೆ. ತಾಜ್ ಬೀ ಕೂರಲಿಲ್ಲ. ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ನಿಂತೇ ಹೇಳಿದಳು.

"ಮೇಷ್ಟ್ರೆ, ನಂಗೆ ಮೂಸಂಬಿ ಬ್ಯಾಡ. ಒಂದು ಮಾತು ಬೇಕು. ನಾನು ನಿಮ್ಮನೇಲಿ ಸಂಬಳಕ್ಕೆ ಇದ್ದೆ ಅಂತ ಲೇಬರ್ ಆಪೀಸಲ್ಲಿ ಏಳ್ಬುಡಿ. ಆಳು ಅಂತ ಏಳಿ. ನಾನೇನೂ ಅಂದ್ಕಳಕಿಲ್ಲ."

ಮೇಷ್ಟರು ಸ್ನೇಹಳ ಮುಖ ನೋಡಿದರು. ಸ್ನೇಹ ನೆಲ ನೋಡಿದಳು. ಆ ಮಾತು ಹೇಳಿದರೆ ಏನಾಗುತ್ತದೆ ಎಂದು ಅವರು ಆಗಲೇ ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. ಪಾಲಿಸಿ ಇಲ್ಲದ ಕಾರಣ ಪರಿಹಾರ ಅವರ ಜೇಬಿನಿಂದಲೇ ಹೋಗಬೇಕು.

"ಅದ್ಹೇಗೆ ತಾಜಮ್ಮ," ಎಂದರು ಮೇಷ್ಟರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ನಿನ್ನ ಮಗಳು ಅಂತ ಅಂದ ಬಾಯಲ್ಲಿ ಆಳು ಅಂತ ಹೇಗಮ್ಮ ಹೇಳೋದು. ನೀನೇ ಅವತ್ತು ಬೇಡ ಅಂದೆಯಲ್ಲ."

"ಅಂದೆ. ತೆಪ್ಪಾಯ್ತು. ಈಗ ಬೇಕು ಅಂತಿವ್ನಿ."

ತಾಜ್ ಬೀ ಮಂಚದ ಕಡೆ ತಿರುಗಿದಳು. ನೀವಾದರೂ ಹೇಳಿ ಅವ್ವ ಎಂದಳು.

ಪಾರ್ವತಮ್ಮ ಬಲಗೈ ಊರಿ ತಲೆ ಎತ್ತಲು ನೋಡಿದಳು, ಆಗಲಿಲ್ಲ. ಮಲಗಿದಲ್ಲಿಂದಲೇ ಸೂರಿಗೆ ಹೇಳುವಂತೆ ಹೇಳಿದಳು.

"ಆಳು ಕಣೆ ನೀನು. ಸಂಬಳದ ಆಳು. ನನ್ನ ಏಲು ಬಳ್ದೆ, ನನ್ನ ಉಚ್ಚೆ ಬಳ್ದೆ, ನನ್ನ ಒತ್ಕಂಡು ಬಿದ್ದು ಸ್ವಂಟ ಮುರ್ಕಂಡೆ. ಯಾವ ಆಪೀಸಿಗೆ ಬೇಕಾದ್ರೂ ಮಂಚ ಒತ್ಕಂಡು ಓಗ್ರಿ, ಏಳ್ತೀನಿ."

ಮರ್ಯಾದೆಗಾಗಿ ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದ ತಾಜ್ ಬೀಗೆ ಆ ಮಾತು ಬೈಗುಳದಂತೆ ಕೇಳಲಿಲ್ಲ. ಯಾರೋ ತನಗಾಗಿ ಬೇಡಿದ ದುವಾದಂತೆ ಕೇಳಿತು.

"ಅಮ್ಮನಿಗೆ ಈಗ ಅರಳು ಮರಳು," ಎಂದರು ಮೇಷ್ಟರು ಮೆಲ್ಲಗೆ. "ಡಾಕ್ಟರೇ ಬರೆದುಕೊಟ್ಟಿದ್ದಾರೆ. ಅವರ ಮಾತು ಎಲ್ಲೂ ನಡೆಯೋಲ್ಲ."

ಅಷ್ಟೇ. ಇದ್ದ ಒಂದು ಬಾಯಿಯೂ ಮುಚ್ಚಿತು. ಸತ್ಯವನ್ನು ಹೇಳಲು ಒಬ್ಬಳು ಇದ್ದಳು, ಅವಳ ಬುದ್ಧಿ ಕೆಟ್ಟಿದೆ ಎಂದು ಬುದ್ಧಿ ಇರುವವರು ಬರೆಸಿಟ್ಟಿದ್ದರು. ದೇವರು ನೋಡುತ್ತಿರುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ನೋಡುತ್ತಿದ್ದಿರಬೇಕು. ಅವನು ಲೇಬರ್ ಆಫೀಸಿಗೆ ಬಂದು ಸಾಕ್ಷಿ ಹೇಳುವುದಿಲ್ಲ.

ಕಹಕಶಾನ್ ಅಮ್ಮಿಯ ತೋಳು ಹಿಡಿದು, ನಡಿ ಎಂದಳು. ತಾಜ್ ಬೀ ಕೋಲು ತಿರುಗಿಸಿದಳು. ಆಗ ಮಂಚದ ಮೇಲೆ ಪಾರ್ವತಮ್ಮ ಮುಖ ಹಿಂಡಿದಳು. ಹಾಸಿಗೆ ಒದ್ದೆಯಾಯಿತು. ಎಲ್ಲರಿಗೂ ಗೊತ್ತಾಯಿತು.

ಸ್ನೇಹ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ, ಕೇಳಲೋ ಬೇಡವೋ ಎನ್ನುವ ಹಾಗೆ ಕಹಕಶಾನಳ ಮುಖ ನೋಡುತ್ತಾ, ಒಂದು ಕೈ ಹಿಡೀತೀಯೇನಮ್ಮ, ಒಂದೇ ಸಲ, ನೀನೂ ನಮಗೆ ಮಗಳಿದ್ದ ಹಾಗೇ ಎಂದಳು.

ಹುಡುಗಿಯ ಕೈ ಮುಂದೆ ಹೋಯಿತು. ಕನಿಕರದಿಂದಲೇ ಹೋಯಿತು. ತಾಜ್ ಬೀ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದಳು. ಕೋಲು ಬಿದ್ದುಹೋಯಿತು. ಸೊಂಟದಲ್ಲಿ ಬೆಂಕಿ ಹೊತ್ತಿತು. ಬಿಡಲಿಲ್ಲ.

"ಮುಟ್ಟಬ್ಯಾಡ," ಎಂದಳು.

"ಅಮ್ಮೀ, ಅಜ್ಜಿ ಪಾಪ."

"ಪಾಪವೇಯ. ಮುಟ್ಟಬ್ಯಾಡ. ಈ ಮನೇಲಿ ಆಳಿಲ್ವಂತೆ. ಮಗ ಅವ್ನೆ, ಸೊಸೆ ಅವ್ಳೆ. ಅವ್ರು ಮಾಡ್ಲಿ."

ಮುದುಕಿ ಕೇಳಿಸಿಕೊಂಡಳು. ಅವಳ ಬಲಗೈ ಹಾಸಿಗೆಯ ಅಂಚಿಗೆ ತೆವಳಿ ಬಂದು ತಾಜ್ ಬೀಯ ಸೆರಗಿನ ತುದಿ ಹಿಡಿಯಿತು. ಬೇಡಿಕೊಳ್ಳುತ್ತಾಳೆ ಎಂದುಕೊಂಡಳು ತಾಜ್ ಬೀ. ಬೇಡಿಕೊಂಡಿದ್ದರೆ ತಾನು ಬಗ್ಗುತ್ತಿದ್ದಳೋ ಏನೋ, ಬಗ್ಗಿ ಅಲ್ಲೇ ಇನ್ನೊಮ್ಮೆ ಮುರಿಯುತ್ತಿದ್ದಳೋ ಏನೋ.

"ಬ್ಯಾಡ ಕಣವ್ವ," ಎಂದಳು ಪಾರ್ವತಮ್ಮ. "ನೀನೂ ಬ್ಯಾಡ, ನಿನ್ನ ಕೂಸೂ ಬ್ಯಾಡ."

ಆದರೆ ಸೆರಗು ಬಿಡಲಿಲ್ಲ. ತಾಜ್ ಬೀ ಎಳೆದುಕೊಳ್ಳಲೂ ಇಲ್ಲ. ಮೇಷ್ಟರು ಬಾಗಿಲ ಹತ್ತಿರ, ಸ್ನೇಹ ಗೋಡೆಯ ಹತ್ತಿರ, ಹುಡುಗಿ ಅಮ್ಮಿಯ ಹಿಡಿತದಲ್ಲಿ. ಹಾಸಿಗೆಯೊಳಗಿಂದ ಇಳಿದು, ಮಂಚದ ಪಟ್ಟಿಯಿಂದ ನೆಲಕ್ಕೆ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಯಾರೂ ಕದಲಲಿಲ್ಲ.